ಮುಗ್ಧತೆ ಯಾರ ಸ್ವತ್ತು? ಶಿರಸಿಯ ಸಾಹಿತ್ಯ ಓದಿನ ತರಗತಿಯೊಂದರ ವಿಮರ್ಶೆ

ಶಿರಸಿ ಪೇಟೆಯ ಪುಸ್ತಕದಂಗಡಿಯೊಂದರ ಮಹಡಿಯ ಮೇಲೆ ಭಾನುವಾರ ಬೆಳಿಗ್ಗೆ ಸಾಹಿತ್ಯ ಓದುವ ತರಗತಿಯೊಂದು ನಡೆಯುತ್ತದೆ. ಶುಲ್ಕ ಕೊಟ್ಟು ಸೇರಬೇಕಾದ ತರಗತಿ. ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ, ಸೇರುವವರು ಓದುವ ಆಸೆಯೊಂದಕ್ಕೇ ಸೇರಬೇಕು. ಪ್ರತಿ ಸರಣಿಗೂ ಒಂದೇ ವಿಷಯವನ್ನು ಹಿಡಿದು, ಅದಕ್ಕೆ ಹೊಂದುವ ಕತೆ, ಕಾವ್ಯ, ನಾಟಕಗಳ ಭಾಗಗಳನ್ನು ಸೇರಿಸಿ ಮಾಡಿದ ಪುಸ್ತಿಕೆಯನ್ನು ಮೊದಲ ದಿನವೇ ಕೈಗೆ ಕೊಡುತ್ತಾರೆ. ಈಚೆಗೆ ಮುಗಿದ ಸರಣಿಯ ವಿಷಯ ಸಾಹಿತ್ಯದಲ್ಲಿ ಮುಗ್ಧತೆಯ ನಷ್ಟ ಮತ್ತು ಅದನ್ನು ಹೇಳುವ ಸಂಕೇತಗಳು. ಸೇರಬಹುದೇ ಎಂದು ಕೇಳಿದವರಿಗೆಲ್ಲ ನಾನು ಸೇರಬಹುದೆಂದೇ ಹೇಳಿದ್ದೇನೆ. ಆದರೆ ಆ ಮಾತಿನ ಜೊತೆಗೆ ಹೇಳಬೇಕಾದ ಒಂದು ತಕರಾರು ನನ್ನಲ್ಲಿದೆ, ಅದು ಕುರ್ಚಿ, ಫ್ಯಾನುಗಳ ತಕರಾರಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಕುರ್ಚಿ, ಫ್ಯಾನುಗಳ ವಿಚಾರವನ್ನು ಮೊದಲು ಮುಗಿಸುತ್ತೇನೆ. ಸರಣಿಗೆ 1,500 ರೂಪಾಯಿ ಶುಲ್ಕ, ಅದರಲ್ಲಿ ಪುಸ್ತಿಕೆಯೂ ಸೇರಿದೆ. ಮಹಡಿಗೆ ಹತ್ತುವ ಮೆಟ್ಟಿಲು ಕಡಿದಾಗಿದ್ದು, ಮಂಡಿನೋವಿನವರಿಗೆ ಕಷ್ಟ. ಮಾಡಿಗೆ ತಗಡು ಹೊದೆಸಿರುವುದರಿಂದ ಜೋರು ಮಳೆ ಹೊಡೆದಾಗ ಎದುರಿಗಿದ್ದವರ ಮಾತೂ ಕೇಳುವುದಿಲ್ಲ. ಮಲೆನಾಡಿನ ಮಳೆ ಇಂಥ ಸಭೆಗಳಿಗೆಂದು ನಿಂತು ಕಾಯುವುದೂ ಇಲ್ಲ. ಕುಮಟಾ, ಹೊನ್ನಾವರದ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಬರುವವರು ಬಸ್ಸಿನ ವೇಳೆ ನೋಡಿಕೊಂಡು ಬಂದರೆ ಮೊದಲ ಅರ್ಧ ಗಂಟೆ ತಪ್ಪಿದಂತೆಯೇ. ನಡುವೆ ಕೊಡುವ ಕಷಾಯ ಚೆನ್ನಾಗಿರುತ್ತದೆ, ಅವಲಕ್ಕಿಯೂ ಚೆನ್ನಾಗಿರುತ್ತದೆ. ಪುಸ್ತಿಕೆಯ ಜೆರಾಕ್ಸ್ ಮಾತ್ರ ಕೆಲವು ಪುಟಗಳಲ್ಲಿ ಮಸುಕಾಗಿದ್ದು, ಹಳಗನ್ನಡದ ಪದ್ಯಗಳ ಒತ್ತಕ್ಷರಗಳನ್ನು ಊಹಿಸಿಕೊಂಡೇ ಓದಬೇಕಾಯಿತು.

ತರಗತಿ ನಡೆಸುವವರು ಓದಿಕೊಂಡವರು, ತಾಳ್ಮೆಯವರು, ಎದುರಿನವರ ಮಾತನ್ನು ತುಂಡರಿಸದವರು. ಆದರೂ ಮೊದಲ ದಿನದ ಪಾಠ ನನಗೆ ಹಿಡಿಸಲಿಲ್ಲ. ಹಲಗೆಯ ಮೇಲೆ ಎರಡು ಕಲಮುಗಳನ್ನು ಎಳೆದು, ಒಂದರಲ್ಲಿ ಸಂಕೇತವನ್ನೂ ಇನ್ನೊಂದರಲ್ಲಿ ಅರ್ಥವನ್ನೂ ಬರೆಯುತ್ತ ಹೋದರು. ಬಿಳಿಯ ಬಟ್ಟೆಯೆಂದರೆ ಶುದ್ಧತೆ, ಹೊಳೆ ದಾಟುವುದೆಂದರೆ ಹರೆಯ, ಮುರಿದ ಗೊಂಬೆಯೆಂದರೆ ಮುಗಿದ ಬಾಲ್ಯ, ಸೇಬುಹಣ್ಣೆಂದರೆ ನಿಷಿದ್ಧ ಜ್ಞಾನ. ಬಿಎ ಪರೀಕ್ಷೆಗೆ ಕೂರುವವರಿಗೆ ಇದು ಉಪಯೋಗವಾಗಬಹುದು. ಆದರೆ ಸಂಕೇತ ಹೀಗೆ ಪಟ್ಟಿಗೆ ಸಿಗುವ ವಸ್ತುವಲ್ಲ. ಅದು ಆಯಾ ಕತೆಯೊಳಗೆ ಬೆಳೆದು ಅರ್ಥ ಪಡೆಯುವಂಥದ್ದು. ಸೇಬಿನ ಉದಾಹರಣೆಯನ್ನೇ ನೋಡಬಹುದು. ಬೈಬಲ್ಲಿನ ಆದಿಕಾಂಡದಲ್ಲಿ ಸೇಬಿನ ಹೆಸರೇ ಬರುವುದಿಲ್ಲ, ಬರಿಯ ಹಣ್ಣು ಎಂದಿದೆ. ಸೇಬು ಆಮೇಲಿನ ಚಿತ್ರಕಾರರು ಮತ್ತು ಕವಿಗಳು ಕೊಟ್ಟದ್ದು. ಆ ಕತೆಯಲ್ಲಿ ಮನಸ್ಸನ್ನು ತಟ್ಟುವ ವಿವರ ಹಣ್ಣಿಗಿಂತ ಹೆಚ್ಚಾಗಿ ಅದರ ನಂತರದ್ದು. ತಿಂದ ಮೇಲೆ ಆಡಂ ಮತ್ತು ಈವ್ ಇಬ್ಬರೂ ಮಾಡುವ ಮೊದಲ ಕೆಲಸ ಅಂಜೂರದ ಎಲೆಗಳನ್ನು ಹೊಲಿದು ಮೈ ಮುಚ್ಚಿಕೊಳ್ಳುವುದು. ಯಾರೂ ಬೈದಿಲ್ಲ, ಯಾರೂ ಬಂದು ನೋಡಿಯೂ ಇಲ್ಲ, ಆಗಲೇ ಕೈ ಹೊಲಿಗೆಗೆ ತೊಡಗಿದೆ. ಕಳೆದುಹೋದದ್ದು ಏನೆಂಬುದು ಆ ಎಲೆಗಳ ಹೊಲಿಗೆಯಲ್ಲಿ ಕಾಣುತ್ತದೆ, ಹಣ್ಣಿನಲ್ಲಿ ಅಲ್ಲ. ಹಲಗೆಯ ಮೇಲಿನ ಪಟ್ಟಿಯಲ್ಲಿ ಇಂಥ ಎಲೆಗಳಿಗೆ ಜಾಗವಿರಲಿಲ್ಲ.

ಎರಡನೆಯ ತರಗತಿಗೆ ಆ ಹಲಗೆಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು. ಯಾರಾದರೂ ಹೇಳಿದರೋ ಅವರಿಗೇ ಅನ್ನಿಸಿತೋ ತಿಳಿಯದು. ಅಂದಿನಿಂದ ತರಗತಿಯ ಬಣ್ಣವೇ ಬದಲಾಯಿತು. ಆ ದಿನ ಓದಿದ್ದು ಜಾತ್ರೆಗೆ ಹೋದ ಇಬ್ಬರು ಹುಡುಗರ ಕತೆಗಳನ್ನು. ಒಂದು, 1914ರಲ್ಲಿ ಪ್ರಕಟವಾದ 'ಡಬ್ಲಿನರ್ಸ್' ಸಂಕಲನದಲ್ಲಿರುವ ಜೇಮ್ಸ್ ಜಾಯ್ಸ್‌ನ 'ಅರಬಿ'. ಇನ್ನೊಂದು, ಪ್ರೇಮಚಂದರ 'ಈದ್‌ಗಾಹ್'. ಇವೆರಡನ್ನೂ ಅಕ್ಕಪಕ್ಕ ಇಟ್ಟವರ ಆಯ್ಕೆಗೆ ನನ್ನ ಶುಲ್ಕದ ಅರ್ಧ ಸಂದಿತೆಂದು ಲೆಕ್ಕ ಹಾಕಿದ್ದೇನೆ.

ಜಾಯ್ಸ್‌ನ ಹುಡುಗ ಎದುರು ಮನೆಯ ಹುಡುಗಿಗಾಗಿ ಏನಾದರೂ ತರುತ್ತೇನೆಂದು ಮಾತು ಕೊಟ್ಟು, ಮಾವ ಮನೆಗೆ ಬಂದು ಹಣ ಕೊಡುವುದನ್ನೇ ಕಾಯುತ್ತ ಸಂಜೆಯನ್ನೆಲ್ಲ ಕಳೆದು, ಕೊನೆಗೆ ರಾತ್ರಿ ರೈಲಿನಲ್ಲಿ ಒಬ್ಬನೇ ಹೋಗುತ್ತಾನೆ. ಅವನು ತಲುಪುವಾಗ ಮಳಿಗೆಗಳು ಬಹುಪಾಲು ಮುಚ್ಚಿರುತ್ತವೆ. ತೆರೆದಿರುವ ಒಂದು ಮಳಿಗೆಯಲ್ಲಿ ಪಿಂಗಾಣಿ ಹೂದಾನಿಗಳು, ಚಹಾದ ಸೆಟ್ಟುಗಳು. ಮಾರುವ ಹೆಂಗಸು ಇಬ್ಬರು ಗಂಡಸರೊಡನೆ ಹರಟುತ್ತ, ಇವನನ್ನು ಏನು ಬೇಕೆಂದು ಕೇಳುವುದೂ ಕೇವಲ ಕರ್ತವ್ಯಕ್ಕಾಗಿ. ಹುಡುಗನಿಗೆ ಯಾರೂ ಅನ್ಯಾಯ ಮಾಡಿಲ್ಲ, ಯಾರೂ ಮೋಸ ಮಾಡಿಲ್ಲ. ದೀಪಗಳು ಆರುತ್ತವೆ, ಅಷ್ಟೇ. ತಾನು ಇಷ್ಟು ದಿನ ಹೊತ್ತು ತಿರುಗಿದ ಬೆಳಕು ಎಂಥ ಪೊಳ್ಳೆಂದು ಆ ಕತ್ತಲಲ್ಲಿ ಅವನಿಗೆ ಹೊಳೆಯುತ್ತದೆ. ಪ್ರೇಮಚಂದರ ಹಮೀದನ ಜೇಬಿನಲ್ಲಿರುವುದು ಮೂರು ಪೈಸೆ. ಜೊತೆಯ ಹುಡುಗರು ಮಣ್ಣಿನ ಆಟಿಕೆ ಕೊಂಡು, ಮಿಠಾಯಿ ತಿಂದು ಇವನನ್ನು ಆಡಿಕೊಳ್ಳುವಾಗ ಇವನು ಕಬ್ಬಿಣದ ಸಾಮಾನಿನ ಅಂಗಡಿಯ ಮುಂದೆ ನಿಂತು ಚೌಕಾಸಿ ಮಾಡಿ ಒಂದು ಇಕ್ಕಳ ಕೊಳ್ಳುತ್ತಾನೆ, ಏಕೆಂದರೆ ರೊಟ್ಟಿ ಸುಡುವಾಗ ಅಜ್ಜಿಯ ಬೆರಳು ಸುಡುತ್ತದೆ. ಮೊದಲನೆಯವನು ಜಾತ್ರೆಯಲ್ಲಿ ಮುಗ್ಧತೆಯನ್ನು ಕಳೆದುಕೊಂಡು ಬರುತ್ತಾನೆ. ಎರಡನೆಯವನು ಅದನ್ನು ಮನೆಯಲ್ಲಿಯೇ ಎಂದೋ ಕಳೆದುಕೊಂಡು ಜಾತ್ರೆಗೆ ಬಂದಿದ್ದಾನೆ, ಮತ್ತು ನಾವು ಅದನ್ನೇ ಅವನ ಮುಗ್ಧತೆಯೆಂದು ಕರೆದು ಕಣ್ಣು ಒರೆಸಿಕೊಳ್ಳುತ್ತೇವೆ.

ಈ ಮಾತು ಬಂದಾಗ ತರಗತಿಯಲ್ಲಿ ಸಹಜವಾಗಿ ಮಾರಿಕಾಂಬಾ ಜಾತ್ರೆಯ ಮಾತೂ ಬಂತು. ಎರಡು ವರ್ಷಕ್ಕೊಮ್ಮೆ ದೇವಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕೂರುವ ಆ ದಿನಗಳಲ್ಲಿ ಇಲ್ಲಿಯ ಮಕ್ಕಳಿಗೆಲ್ಲ ಬಳೆ, ಬೆಂಡು-ಬತ್ತಾಸು, ದೊಡ್ಡ ತೊಟ್ಟಿಲುಗಳ ಒಂದು ಲೋಕವೇ ತೆರೆಯುತ್ತದೆ. ಹಳ್ಳಿಯಿಂದ ಬಂದ ಹಿರಿಯ ಗೃಹಿಣಿಯೊಬ್ಬರು, "ತೊಟ್ಟಿಲು ಹತ್ತುವ ಮಕ್ಕಳನ್ನಷ್ಟೇ ನೋಡ್ತೀರಿ ಮೇಡಂ, ಅದನ್ನು ತಿರುಗಿಸೋ ಕೆಲಸಕ್ಕೆ ಬಂದ ಹುಡುಗನ ವಯಸ್ಸೂ ಅಷ್ಟೇ ಇರ್ತದೆ" ಎಂದರು. ನಡೆಸುವವರು ಆ ಮಾತನ್ನು ಮೆಚ್ಚಿಕೊಂಡು ತಲೆದೂಗಿದರು, ಮತ್ತು ಮುಂದಿನ ಪುಟಕ್ಕೆ ಹೋದರು. ನನ್ನ ತಕರಾರು ಇರುವುದು ಈ ತಲೆದೂಗಿ ಮುಂದೆ ಹೋಗುವುದರಲ್ಲಿ.

ಅದನ್ನು ಬಿಡಿಸಿ ಹೇಳಲು 'ಘಟಶ್ರಾದ್ಧ'ದ ತರಗತಿಯ ವಿಷಯಕ್ಕೆ ಬರಬೇಕು. ಅನಂತಮೂರ್ತಿಯವರ ಈ ಕತೆಯನ್ನು ಓದಿಸಿ, ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ, ಸ್ವರ್ಣಕಮಲ ಪಡೆದ ಚಿತ್ರದ ಕೆಲವು ಭಾಗಗಳನ್ನೂ ತೋರಿಸಿದರು. ವೇದ ಕಲಿಯಲು ಉಡುಪರ ಮನೆಗೆ ಬಂದು ಸೇರಿದ ಚಿಕ್ಕ ಹುಡುಗ. ಅವನನ್ನು ಮನೆಯವಳಂತೆ ನೋಡಿಕೊಳ್ಳುವ, ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸುರಿಯೆಂದು ಊರಿಗೆ ತಿಳಿಯುವುದು. ಕೊನೆಗೆ ಬದುಕಿರುವ ಮಗಳನ್ನು ಸತ್ತಳೆಂದು ಎಣಿಸಿ ತಂದೆಯೇ ಘಟ ಒಡೆದು ಶ್ರಾದ್ಧ ಮಾಡುವುದು. ಹುಡುಗನನ್ನು ಜೊತೆಗಿಟ್ಟುಕೊಂಡೇ ಯಮುನಕ್ಕ ಹಾವು ಕಚ್ಚಲೆಂದು ಹುತ್ತದೊಳಗೆ ಕೈಯಿಡುವ ದೃಶ್ಯವನ್ನು ತೋರಿಸಿ ನಿಲ್ಲಿಸಿದಾಗ ಮಹಡಿಯಲ್ಲಿ ಯಾರೂ ಕಷಾಯದ ಲೋಟ ಮುಟ್ಟಲಿಲ್ಲ. ಹುಡುಗನಿಗೆ ಹುತ್ತವೆಂದರೆ ಅಲ್ಲಿಯವರೆಗೆ ಹಾಲೆರೆಯುವ ಜಾಗ, ಭಯಭಕ್ತಿಯ ಜಾಗ. ಈಗ ಅದೇ ಹುತ್ತ ಸಾಯಲು ಬಯಸುವವರು ಕೈಯಿಡುವ ಜಾಗ. ಸಂಕೇತವೊಂದು ಕತೆಯೊಳಗೆ ಹೇಗೆ ಬಗ್ಗಿ, ಹೊರಳಿ, ತನ್ನ ಹಳೆಯ ಅರ್ಥವನ್ನೇ ಕಚ್ಚುತ್ತದೆ ಎಂಬುದನ್ನು ನಡೆಸುವವರು ಇಲ್ಲಿ ಬಹಳ ಚೆನ್ನಾಗಿ ತೋರಿಸಿದರು. ಒಡೆಯುವ ಘಟದ ಬಗ್ಗೆಯೂ ಹಾಗೆಯೇ: ಶುದ್ಧಿಗಾಗಿ ಇರುವ ನೀರಿನ ಮಡಕೆಯೇ ಇಲ್ಲಿ ಮನುಷ್ಯಳೊಬ್ಬಳನ್ನು ಲೆಕ್ಕದಿಂದ ಅಳಿಸುವ ಸಾಧನ.

ಆದರೆ ಅಲ್ಲಿಂದ ಮುಂದಿನ ಚರ್ಚೆಯೆಲ್ಲ ಹುಡುಗನ ಸುತ್ತಲೇ ನಡೆಯಿತು. ಅವನು ಏನು ಕಂಡ, ಅವನೊಳಗೆ ಏನು ಮುರಿಯಿತು, ಅವನು ಮನೆಗೆ ಮರಳುವಾಗ ಯಾರಾಗಿ ಮರಳಿದ. ಇದು ಈ ವಿಷಯದ ಬಗ್ಗೆ ಬರೆಯುವವರೆಲ್ಲರ ರೂಢಿಯೂ ಹೌದು. ಮುಗ್ಧತೆಯ ನಷ್ಟದ ಕತೆಗಳಲ್ಲಿ ಬಹುಮಟ್ಟಿಗೆ ಇಬ್ಬರಿರುತ್ತಾರೆ: ಕಳೆದುಕೊಳ್ಳುವವರು ಮತ್ತು ಕಳೆದುಕೊಳ್ಳುವುದನ್ನು ನೋಡುವವರು. ಯಮುನಕ್ಕ ತಲೆಗೂದಲು, ಮನೆ, ತಂದೆ, ಹೊಟ್ಟೆಯ ಕೂಸು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ಹುಡುಗ ಅದನ್ನು ನೋಡಿ ತನ್ನ ಮುಗ್ಧತೆಯನ್ನು ಕಳೆದುಕೊಳ್ಳುತ್ತಾನೆ. ವಿಮರ್ಶೆ ಮರುಗುವುದು ನೋಡಿದವನಿಗಾಗಿ. ಕತೆಗಾರರು ಮಾತ್ರ ಹಾಗೆ ಮರುಗಿಲ್ಲವೆಂದು ನನ್ನ ಓದು. ಹುಡುಗನ ಅಸಹಾಯಕತೆಯೊಳಗೇ ಅವನ ಪಾಲುಗಾರಿಕೆಯನ್ನೂ ಅವರು ಸೇರಿಸಿಟ್ಟಿದ್ದಾರೆ, ಏಕೆಂದರೆ ಅವನಿಗೆ ತಂದೆ ಬಂದು ಕರೆದುಕೊಂಡು ಹೋಗುವ ಮನೆಯೊಂದಿದೆ, ಅವಳಿಗಿಲ್ಲ.

ಪುಸ್ತಿಕೆಯಲ್ಲಿ ಕಾರಂತರ 'ಚೋಮನ ದುಡಿ' ಇರಲಿಲ್ಲ. ಏಕಿಲ್ಲವೆಂದು ಕೇಳಿದಾಗ, ಅದು ಶೋಷಣೆಯ ಕಾದಂಬರಿ, ಈ ವಿಷಯಕ್ಕೆ ನೇರವಾಗಿ ಹೊಂದುವುದಿಲ್ಲ ಎಂಬ ಉತ್ತರ ಬಂತು. ಉತ್ತರ ಸೌಜನ್ಯದ್ದಾಗಿದ್ದರೂ ನನಗೆ ಒಪ್ಪಿಗೆಯಾಗಲಿಲ್ಲ. 1933ರ ಆ ಕಾದಂಬರಿಯಲ್ಲಿ ಚೋಮನಿಗೆ ಐದು ಮಕ್ಕಳು. ಸಾಲ ತೀರಿಸಲೆಂದು ತೋಟಕ್ಕೆ ದುಡಿಯಹೋದ ಮಗಳು ಬೆಳ್ಳಿ ಅಲ್ಲಿಯ ರೈಟರ್, ಅಂದರೆ ಗುಮಾಸ್ತ, ಮನ್ವೇಲನ ಕೈಗೆ ಸಿಗುತ್ತಾಳೆ, ಸಾಲದ ಲೆಕ್ಕ ಆ ದಾರಿಯಲ್ಲಿ ಚುಕ್ತಾ ಆಗುತ್ತದೆ. ಕೊನೆಯ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದೂ, ಮುಟ್ಟಬಾರದ ಜಾತಿಯವನೆಂಬ ಕಾರಣಕ್ಕೆ ಯಾರೂ ನೀರಿಗಿಳಿದು ಅವನನ್ನು ಎತ್ತುವುದಿಲ್ಲ. ಬೆಳ್ಳಿಯ ಅನುಭವವನ್ನು ಮುಗ್ಧತೆಯ ನಷ್ಟವೆಂದು ಕರೆಯಲು ನಮ್ಮ ಬಾಯಿ ಹಿಂಜರಿಯುವುದೇಕೆ? ಅವಳು ಮುಗ್ಧೆಯಾಗಿರಲು ಯಾರೂ ಅವಕಾಶ ಕೊಟ್ಟಿರಲಿಲ್ಲ ಎಂದೇ? ಹಾಗಾದರೆ ಮುಗ್ಧತೆಯೆಂಬುದು ಉಂಬಳಿಯ ಭೂಮಿಯಂತೆ ಕೆಲವರ ಹೆಸರಿಗೆ ಮಾತ್ರ ಬರೆದಿಟ್ಟ ಸ್ವತ್ತಾಗುತ್ತದೆ, ಮತ್ತು ಅದರ ನಷ್ಟದ ಬಗ್ಗೆ ಅಳುವ ಹಕ್ಕೂ ಆ ಖಾತೆದಾರರದ್ದೇ ಆಗುತ್ತದೆ.

ಹೀಗೆ ಯೋಚಿಸಲು ಬೇಕಾದ ಸಾಮಗ್ರಿ ಪುಸ್ತಿಕೆಯಲ್ಲಿಯೇ ಇತ್ತೆಂಬುದು ಇನ್ನೂ ಆಶ್ಚರ್ಯ. ಮೊದಲ ದಿನ ಆತುರದಲ್ಲಿ ಓದಿ ಮುಗಿಸಿದ ವಿಲಿಯಂ ಬ್ಲೇಕ್‌ನ ಕವಿತೆಗಳನ್ನು ನೋಡಿ. ಮುಗ್ಧತೆಯ ಹಾಡುಗಳನ್ನು ಅವನು ಹೊರತಂದದ್ದು 1789ರಲ್ಲಿ. ಅನುಭವದ ಹಾಡುಗಳನ್ನು ಅದಕ್ಕೆ ಜೋಡಿಸಿ ಒಂದೇ ಸಂಪುಟವಾಗಿ ಕೊಟ್ಟದ್ದು 1794ರಲ್ಲಿ. ಚಿಮಣಿ ಗುಡಿಸುವ ಹುಡುಗನ ಮೇಲೆ ಎರಡೂ ಭಾಗಗಳಲ್ಲಿ ಒಂದೊಂದು ಕವಿತೆಯಿದೆ. ಮುಗ್ಧತೆಯ ಭಾಗದಲ್ಲಿರುವ ಹುಡುಗನೇ, ತಾಯಿ ಸತ್ತು, ಸರಿಯಾಗಿ ಮಾತು ಬರುವ ಮೊದಲೇ ತಂದೆಯಿಂದ ಮಾರಾಟವಾದವನು. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬಾರದೆಂದು ಇಂಗ್ಲೆಂಡಿನಲ್ಲಿ 1788ರಲ್ಲಿ ಕಾನೂನು ಬಂದಿದ್ದರೂ ಅದನ್ನು ಕೇಳುವವರಿರಲಿಲ್ಲ. ಬ್ಲೇಕ್‌ನ ಪಾಲಿಗೆ ಮುಗ್ಧತೆಯೆಂದರೆ ಹೂವಿನ ಹಾಸಿಗೆಯಲ್ಲ, ಮಸಿಯಲ್ಲಿ ಮಲಗಿಯೂ ಕನಸು ಕಾಣುವ ಹುಡುಗನ ಸ್ಥಿತಿ; ಆ ಕನಸನ್ನೇ ದೊಡ್ಡವರು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುತ್ತಾರೆಂಬ ಸಿಟ್ಟೂ ಅದರೊಳಗಿದೆ. ಬೆಳ್ಳಿಯನ್ನು ಈ ಹುಡುಗನ ಪಕ್ಕದಲ್ಲಿ ಕೂರಿಸಿದ್ದರೆ ತರಗತಿ ಬೇರೆಯೇ ಎತ್ತರಕ್ಕೆ ಹೋಗುತ್ತಿತ್ತು.

ಪಂಪನ ತರಗತಿ ಚೆನ್ನಾಗಿತ್ತು. ಶಿರಸಿಯಲ್ಲಿ ಪಂಪನ ಹೆಸರೆತ್ತಿದ ಕೂಡಲೇ ಬನವಾಸಿಯ ಪದ್ಯಗಳನ್ನು ಹಾಡಿ ಅರ್ಧ ಗಂಟೆ ಕಳೆಯುವುದು ವಾಡಿಕೆ; ಇಲ್ಲಿ ಆ ಆಮಿಷಕ್ಕೆ ಬೀಳದೆ ನೇರವಾಗಿ 'ಆದಿಪುರಾಣ'ದ ನೀಲಾಂಜನೆಯ ನೃತ್ಯಕ್ಕೆ ಹೋದರು. ಕುಣಿಯುತ್ತಿರುವಾಗಲೇ ನೀಲಾಂಜನೆಯ ಆಯುಸ್ಸು ಮುಗಿಯುತ್ತದೆ. ರಸಭಂಗವಾಗಬಾರದೆಂದು ಇಂದ್ರ ಅವಳಂತೆಯೇ ಇರುವ ಇನ್ನೊಬ್ಬಳನ್ನು ಕ್ಷಣಮಾತ್ರದಲ್ಲಿ ಅಲ್ಲಿ ನಿಲ್ಲಿಸುತ್ತಾನೆ, ಸಭೆಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸಭೆಯಲ್ಲಿದ್ದ, ಮುಂದೆ ಜೈನರ ಮೊದಲ ತೀರ್ಥಂಕರನಾಗುವ ವೃಷಭನಾಥನಿಗೆ ಮಾತ್ರ ತಿಳಿದು ವೈರಾಗ್ಯ ಹುಟ್ಟುತ್ತದೆ. ಸಾವಿರ ವರ್ಷಕ್ಕೂ ಹಿಂದೆ, 941ರಲ್ಲಿ, ಕನ್ನಡ ಕವಿಯೊಬ್ಬ ಕಂಡ ಈ ಚಿತ್ರದಲ್ಲಿ ನಷ್ಟವೆಂದರೆ ಏನೂ ನಿಲ್ಲದಿರುವುದು. ತಾಳ ತಪ್ಪಿಲ್ಲ, ಹೆಜ್ಜೆ ತಪ್ಪಿಲ್ಲ, ಒಬ್ಬಳು ಇಲ್ಲ. ಈ ಪದ್ಯಗಳನ್ನು ಪದ ಬಿಡಿಸಿ ಓದಿಸಿದ ರೀತಿಗೆ ಪೂರ್ಣ ಅಂಕ. ಇಲ್ಲಿಯೂ ಸತ್ತವಳನ್ನು ಬಿಟ್ಟು ನೋಡಿದವನ ಜೊತೆಗೇ ಚರ್ಚೆ ನಡೆಯಿತೆಂದು ನಾನು ಹೇಳಿದರೆ ಅದು ಪುರಾಣದ ಮೇಲಿನ ತಕರಾರಾದೀತು, ಅದನ್ನು ಬಿಡುತ್ತೇನೆ.

ಕಾರವಾರದ ಬಗ್ಗೆ ಒಂದು ತರಗತಿ ಇತ್ತು. ರವೀಂದ್ರನಾಥ ಟಾಗೋರರು 1883ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದಾಗ 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದದ್ದು ಈ ಜಿಲ್ಲೆಯವರಿಗೆಲ್ಲ ತಿಳಿದ ಹೆಮ್ಮೆ. ಕಡಲತೀರಕ್ಕೆ ಅವರ ಹೆಸರಿದೆ, ನಾಟಕವನ್ನು ಓದಿದವರು ಮಾತ್ರ ಕಡಿಮೆ. ಲೋಕದ ಕಟ್ಟುಗಳನ್ನೆಲ್ಲ ಹರಿದುಕೊಂಡೆನೆಂದು ಬೀಗುವ ಸಂನ್ಯಾಸಿಗೆ ಊರವರು ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಅಂಟಿಕೊಳ್ಳುತ್ತಾಳೆ. ಆ ವಾತ್ಸಲ್ಯಕ್ಕೆ ಹೆದರಿ ಅವನು ಅವಳನ್ನು ಬಿಟ್ಟು ಓಡುತ್ತಾನೆ; ಮನಸ್ಸು ತಿರುಗಿ ಹುಡುಕಿಕೊಂಡು ಬರುವಾಗ ಅವಳು ಸತ್ತಿರುತ್ತಾಳೆ. ಮಗುವಿನ ಬದಲು ಇಲ್ಲಿ ಪಾಠ ಕಲಿಯುವವನು ಎಲ್ಲ ಬಲ್ಲೆನೆಂದುಕೊಂಡ ದೊಡ್ಡವನು, ಮುಗ್ಧನಾಗಿದ್ದವನು ಅವನೇ. ಬೆಲೆ ತೆತ್ತವಳು ಮಾತ್ರ, ಮತ್ತೆ, ಆ ಹುಡುಗಿಯೇ.

ಇದೇ ಎಳೆಯನ್ನು ಹಿಡಿದು ಯಕ್ಷಗಾನ ಬಲ್ಲ ನಿವೃತ್ತ ಶಿಕ್ಷಕರೊಬ್ಬರು ಅಭಿಮನ್ಯುವಿನ ಮಾತು ತೆಗೆದದ್ದು ಸರಣಿಯ ಒಳ್ಳೆಯ ಗಳಿಗೆಗಳಲ್ಲೊಂದು. ಚಕ್ರವ್ಯೂಹದ ಒಳಹೊಗಲು ಬಲ್ಲ, ಹೊರಬರಲು ತಿಳಿಯದ ಹುಡುಗನನ್ನು, ನಾವೂ ಹಿಂದೆಯೇ ಬರುತ್ತೇವೆಂದು ನಂಬಿಸಿ ಕಳಿಸಿದವನು ಧರ್ಮರಾಯ. ಸೈಂಧವ ತಡೆದು ನಿಂತಾಗ ಹುಡುಗ ಒಬ್ಬನೇ ಆಗುತ್ತಾನೆ. "ರಂಗಸ್ಥಳದಲ್ಲಿ ಕುಣಿಯೋನು ಅಭಿಮನ್ಯು, ಆದ್ರೆ ಮುಗ್ಧತೆ ಹೋಗೋದು ಧರ್ಮರಾಯಂದು" ಎಂದು ಅವರು ಹೇಳಿದಾಗ ಇಡೀ ಕೋಣೆ ಅವರ ಕಡೆಗೆ ತಿರುಗಿತು. ಬಡಗುತಿಟ್ಟಿನ ಈ ಸೀಮೆಯಲ್ಲಿ ಹೀಗೆ ಪ್ರಸಂಗದೊಳಗಿಂದ ಯೋಚಿಸುವ ಜನರಿದ್ದಾರೆ; ಪುಸ್ತಿಕೆಯಲ್ಲಿ ಒಂದು ಪ್ರಸಂಗದ ಪದ್ಯಗಳಾದರೂ ಇರಬೇಕಿತ್ತು. ಹನೇಹಳ್ಳಿಯ ಯಶವಂತ ಚಿತ್ತಾಲರ ಒಂದು ಕತೆಯೂ ಇರಲಿಲ್ಲವೆಂಬುದನ್ನು ಹೇಗೆ ಕ್ಷಮಿಸುವುದೋ ತಿಳಿಯದು. ಮುಂಬಯಿಯಲ್ಲಿ ಕೂತು ಜೀವಮಾನವಿಡೀ ತನ್ನ ಬಾಲ್ಯದ ಹಳ್ಳಿಯನ್ನು ಬಗೆದು ನೋಡಿದ ಲೇಖಕರನ್ನು ಶಿರಸಿಯಲ್ಲಿ, ಈ ವಿಷಯಕ್ಕೆ, ಬಿಟ್ಟದ್ದು ದೊಡ್ಡ ಕೊರತೆ.

ಕೊನೆಯ ತರಗತಿ ಅಂಕೋಲೆಯ ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಗ್ಗೆ. ಮಕ್ಕಳಿಲ್ಲದ, ಹೊಳೆಯಿಲ್ಲದ, ಹಣ್ಣಿಲ್ಲದ ಮುಗ್ಧತೆಯ ನಷ್ಟ ಇದು: ಕೈಗೆ ದಿಢೀರನೆ ಹಣ ಬಂದ ಕುಟುಂಬವೊಂದು ತನಗೇ ಅರಿವಾಗದಂತೆ ಬದಲಾಗುವುದು. ಹಳೆಯ ಪುಟ್ಟ ಮನೆಯಲ್ಲಿ ಇರುವೆಗಳ ಕಾಟಕ್ಕೆ ಬೇಸತ್ತು ಎಲ್ಲರೂ ಸೇರಿ ಅವುಗಳನ್ನು ಕೊಲ್ಲುವ ಪ್ರಸಂಗವನ್ನು ಜೋರಾಗಿ ಓದಿಸಿದಾಗ ಮೊದಮೊದಲು ಎಲ್ಲರೂ ನಕ್ಕರು, ಏಕೆಂದರೆ ಇರುವೆ ಕೊಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಪುಟ ಮುಗಿಯುವ ಹೊತ್ತಿಗೆ ನಗು ಕಡಿಮೆಯಾಗಿತ್ತು. ಅಂದು ಚರ್ಚೆ ಮೊದಲ ಬಾರಿಗೆ ನೋಡುವವನನ್ನು ಬಿಟ್ಟು, ಮಾಡುವವರತ್ತ ಮತ್ತು ಸಹಿಸುವವರತ್ತ ಹೋಯಿತು. ಅದಕ್ಕೆ ಸರಣಿಯ ಕೊನೆಯವರೆಗೆ ಕಾಯಬೇಕಾಯಿತೆಂಬುದೇ ನನ್ನ ದೂರು.

ಈ ತಕರಾರನ್ನು ನಡೆಸುವವರ ಮುಂದೆಯೂ ಹೇಳಿದ್ದೇನೆ. ಮುಂದಿನ ಸಲ ಇದೇ ವಿಷಯವನ್ನು ತೆಗೆದುಕೊಂಡರೆ 'ಚೋಮನ ದುಡಿ'ಯನ್ನೂ ಚಿತ್ತಾಲರನ್ನೂ ಸೇರಿಸುವುದಾಗಿ ಅವರು ಹೇಳಿದ್ದಾರೆ. ಜೆರಾಕ್ಸಿನ ಬಗ್ಗೆ ಏನನ್ನೂ ಹೇಳಲಿಲ್ಲ. ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇಲ್ಲದಿರುವುದು ಸರಿಯಲ್ಲ, ಅದನ್ನು ಅವರು ಯೋಚಿಸಬೇಕು. ಸಾಹಿತ್ಯವನ್ನು ಪಾಠವಾಗಿ ಓದಿ ಬೇಸತ್ತವರಿಗೆ, ನಿವೃತ್ತರಿಗೆ, ಮನೆಯ ಕೆಲಸದ ನಡುವೆ ಬಿಡಿ ಬಿಡಿಯಾಗಿ ಓದುವವರಿಗೆ ಈ ತರಗತಿ ಖಂಡಿತ ಹಿಡಿಸುತ್ತದೆ. ಸಿದ್ಧ ಉತ್ತರಗಳನ್ನು ಬಯಸುವವರು ಮೊದಲ ದಿನದ ನಂತರ ನಿರಾಶರಾಗಬಹುದು. ಹೊಸ ಸರಣಿ ಮಳೆಗಾಲ ಮುಗಿದ ಮೇಲೆ ಶುರುವಾಗುತ್ತದೆ. ಸೇರುವವರು ಪುಸ್ತಿಕೆಯನ್ನು ಮುಂಚಿತವಾಗಿಯೇ ಕೇಳಿ ಪಡೆದು, ಮಸುಕಾದ ಪುಟಗಳಿದ್ದರೆ ಆಗಲೇ ಬದಲಾಯಿಸಿಕೊಳ್ಳುವುದು ಒಳ್ಳೆಯದು.